ಚಿಕ್ಕಪ್ಪ, ಹೊಟ್ಟೆಗೆ ಹಲ್ಲಿಲ್ಲ

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. "ಹಲ್ಲಿನ ಸೆಟ್ ಒತ್ತುತ್ತೆ, ತೆಗೆದಿಟ್ಟಿದ್ದೀನಿ, ನುಂಗಿದ್ರೆ ಆಯ್ತು, ಮಿಕ್ಕಿದ್ದು ಹೊಟ್ಟೇಲಿರೋ ಆಸಿಡ್ ನೋಡ್ಕೊಳ್ಳುತ್ತೆ" ಅಂತ ಹಾಕಿದ್ದೀರಲ್ಲ, ಅದಕ್ಕೆ ಮನೆಮಂದಿಯೆಲ್ಲ ಹೆಬ್ಬೆಟ್ಟು ಬೇರೆ ಒತ್ತಿದ್ದಾರೆ. ನಾನಂತೂ ಒತ್ತಲ್ಲ.

ಆಸಿಡ್ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದೂ ಜೀರ್ಣರಸಗಳೂ ತುಂಡಿನ ಹೊರಮೈಯಿಂದ ಶುರು ಮಾಡಿ ಒಳಗೆ ಹೋಗಬೇಕು. ಅಗಿದು ನುಣ್ಣಗೆ ಮಾಡಿದಷ್ಟೂ ರಸಕ್ಕೆ ಸಿಗೋ ಜಾಗ ಜಾಸ್ತಿ. ಇನ್ನೊಂದು ವಿಷಯ, ಜಠರದಿಂದ ಕರುಳಿಗೆ ಹೋಗೋ ಬಾಗಿಲಲ್ಲಿ ಪೈಲೋರಸ್ ಅಂತ ಒಂದು ಬಿಗಿ ಸ್ನಾಯು ಇದೆ. ಊಟ ಆದಮೇಲೆ ಅದು ಹೆಚ್ಚುಕಮ್ಮಿ 1–2 ಮಿಲಿಮೀಟರ್‌ಗಿಂತ ದೊಡ್ಡ ಚೂರನ್ನ ಸುಲಭಕ್ಕೆ ಬಿಡಲ್ಲ. ವಾಪಸ್ ಹೋಗು ಅನ್ನುತ್ತೆ, ಹೊಟ್ಟೆ ಮತ್ತೆ ಕಲಸಬೇಕು. ಬಾಯಲ್ಲಿ ಅರೆನಿಮಿಷದಲ್ಲಿ ಆಗೋ ಕೆಲಸಕ್ಕೆ ಅಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ನೋಡಿ.

ಎಂಜಲು ಎಲ್ಲಿಂದ ಬರುತ್ತೆ ಅಂತ ಪುಟ್ಟಿ ಕೇಳಿದ್ಲಲ್ಲ, ಅವಳಿಗೂ ಹೇಳಿಬಿಡ್ತೀನಿ. ಪುಟ್ಟಿ, ನಾಲಿಗೆ ತುದೀನ ಮೇಲಿನ ದವಡೆ ಹಲ್ಲಿನ ಪಕ್ಕ ಕೆನ್ನೆಯ ಒಳಭಾಗಕ್ಕೆ ಒತ್ತಿ ನೋಡು. ಸಣ್ಣ ಗುಬುಟು ತರಹ ಸಿಗುತ್ತೆ. ಕಿವಿ ಮುಂದಿರೋ ದೊಡ್ಡ ಗ್ರಂಥಿಯ ನಳಿಕೆ ತೆರೆಯೋದು ಅಲ್ಲೇ. ಕನ್ನಡಿ ಮುಂದೆ ನಾಲಿಗೆ ಮೇಲೆತ್ತಿದ್ರೆ ಮಧ್ಯದ ಪಟ್ಟಿಯ ಬುಡದಲ್ಲಿ ಎರಡು ಚುಕ್ಕಿ ಕಾಣ್ತಾವೆ. ಬಟ್ಟೇಲಿ ಒರೆಸಿ, ಹುಳಿ ಏನಾದ್ರೂ ನೆನೆಸ್ಕೊಂಡು ಹಾಗೇ ನೋಡ್ತಿರು, ಹನಿ ಮೂಡುತ್ತೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಹೀಗೇ ಬರುತ್ತೆ, ಹೆಚ್ಚಿನಪಾಲು ನುಂಗ್ಕೊಂಡೇ ಇರ್ತೀವಿ.

ಅದರಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇದೆ, ಪಿಷ್ಟ ಒಡೆದು ಸಕ್ಕರೆ ಮಾಡುತ್ತೆ. ಸಪ್ಪೆ ಬ್ರೆಡ್ ಚೂರನ್ನ ನುಂಗದೆ ಅಗೀತಾ ಇದ್ರೆ ಸಿಹಿ ಬರೋದು ಅದರಿಂದ. ಆದ್ರೆ ನಿಜ ಹೇಳಬೇಕು, ಬಾಯಲ್ಲಿ ಅಮೈಲೇಸ್ ಕೆಲಸ ಆಗದಿದ್ರೂ ಪಿಷ್ಟ ಜೀರ್ಣ ಆಗುತ್ತೆ, ಮೇದೋಜೀರಕ ಗ್ರಂಥಿ ಸಣ್ಣಕರುಳಿಗೆ ಅದೇ ಜಾತಿ ಕಿಣ್ವ ಧಾರಾಳವಾಗಿ ಕಳಿಸುತ್ತೆ. ನನ್ನ ಪ್ರಕಾರ ಎಂಜಲಿನ ದೊಡ್ಡ ಉಪಕಾರ ಬೇರೆ. ಅಗಿದ ಪುಡೀನೆಲ್ಲ ಒಂದು ಮೆತ್ತನೆ ಉಂಡೆ ಮಾಡಿ ಗಂಟಲಲ್ಲಿ ಜಾರಿಸೋದು ಅದು. ಅಗಿಯದ ಗಟ್ಟಿ ತುಂಡು, ಒಣ ಬಾಯಿ, ಎರಡೂ ಸೇರಿದ್ರೆ ಉಸಿರುನಾಳಕ್ಕೆ ಸಿಕ್ಕಿಕೊಳ್ಳೋ ಭಯ. ಚಿಕ್ಕಪ್ಪ, ಅಜೀರ್ಣಕ್ಕಿಂತ ನನಗೆ ಅದರದ್ದೇ ಚಿಂತೆ.

ಬಾಯಿ ಒಣಗುತ್ತೆ ಅಂತಾನೂ ಹೋದ ತಿಂಗಳು ಹೇಳಿದ್ರಿ. ಅಲರ್ಜಿ ಮಾತ್ರೆ, ಖಿನ್ನತೆ ಮಾತ್ರೆ, ಇಂಥವುಗಳಲ್ಲಿ ಎಷ್ಟೋ ಎಂಜಲು ಕಮ್ಮಿ ಮಾಡ್ತಾವೆ. ನೀವಾಗೇ ನಿಲ್ಲಿಸಬೇಡಿ, ಡಾಕ್ಟರಿಗೆ ಎಲ್ಲ ಮಾತ್ರೆ ತೋರಿಸಿ ಕೇಳಿ. ಮತ್ತೆ ಮೇಲಿನ ಸೆಟ್ ಅಂಗುಳಕ್ಕೆ ಹಿಡಿದು ಕೂರೋದೇ ನಡುವೆ ಇರೋ ತೆಳು ಎಂಜಲಿನ ಪದರದಿಂದ. ಬಾಯಿ ಒಣಗಿದ್ರೆ ಅದು ಸಡಿಲ, ಆಮೇಲೆ ಉಜ್ಜುತ್ತೆ, ಹುಣ್ಣಾಗುತ್ತೆ. ಅದೂ ಅಲ್ಲದೆ ಹಲ್ಲು ಹೋದಮೇಲೆ ದವಡೆ ಮೂಳೆ ವರ್ಷ ಹೋದಹಾಗೆ ಸವೀತಾ ಬರುತ್ತೆ, ಹಳೇ ಸೆಟ್ ಅಳತೆ ತಪ್ಪೇ ತಪ್ಪುತ್ತೆ. ಮನೇಲಿ ಅರ ಹಾಕಿ ಉಜ್ಜೋಕೆ ಮಾತ್ರ ಹೋಗಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು! ಸೆಟ್ ಜೇಬಲ್ಲಿಟ್ಕೊಂಡು ಹಲ್ಲಿನ ಡಾಕ್ಟರ್ ಹತ್ರ ಹೋಗಿ, ಎಲ್ಲಿ ಒತ್ತುತ್ತೋ ಅಲ್ಲಿ ಬೆರಳಿಟ್ಟು ತೋರಿಸಿ. ಅಲ್ಲೀತನಕ ಮೆತ್ತಗಿರೋದು, ಸಣ್ಣ ತುತ್ತು, ನೆಟ್ಟಗೆ ಕೂತು ತಿನ್ನಿ. ಚಿಕ್ಕಮ್ಮ, ಅಪಾಯಿಂಟ್‌ಮೆಂಟ್ ನೀವೇ ತಗೊಂಡುಬಿಡಿ, ಇವರನ್ನ ನಂಬೋಕಾಗಲ್ಲ.