ಮಟೀರಿಯಲ್ ಹುಡುಕಿ ಹೋಲಿಸುವಾಗ ಯಾವ ಅಂಕಿ ನಂಬಬೇಕು? ನಿಮ್ಮ ಅನುಭವ ಹೇಳಿ

ಕೇಳಿದವರು, ಶಿವಮೊಗ್ಗ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವ ಯಂತ್ರ ಮಾಡುವ ಸಣ್ಣ ಶೆಡ್ಡೊಂದರಲ್ಲಿ ನಾನು ಡಿಸೈನ್ ನೋಡಿಕೊಳ್ಳುತ್ತೇನೆ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು. ನಮ್ಮ ಫ್ರೇಮು 40 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪಿನದು. ಪಿಕಪ್‌ಗೆ ಏರಿಸಿ ಇಳಿಸಲು ನಾಲ್ಕು ಜನ ಬೇಕು. ಕೊಯ್ಲಿನ ಹೊತ್ತಲ್ಲಿ ತೋಟದ ಮನೆಯಲ್ಲಿ ನಾಲ್ಕು ಜನ ಸಿಗುವುದೇ ಕಷ್ಟ. ಅದಕ್ಕೆ ಯಜಮಾನರು "ಅಲ್ಯೂಮಿನಿಯಂ ಹಾಕಿದರೆ ಹೇಗೆ ನೋಡು" ಅಂದರು. ಶಾಫ್ಟ್ ತಿರುಗುವ ಗನ್‌ಮೆಟಲ್ ಬುಶ್ ಬದಲು ನೈಲಾನ್ ಆಗುತ್ತದಾ ಅಂತಲೂ ಕೇಳಿದ್ದಾರೆ.

ಮ್ಯಾಟ್‌ವೆಬ್ ಅನ್ನುವ ಮಟೀರಿಯಲ್ ಡೇಟಾ ತಾಣದಲ್ಲಿ ಹುಡುಕಿದೆ. 6061-ಟಿ6 ಅನ್ನುವ ಅಲ್ಯೂಮಿನಿಯಂ ಗ್ರೇಡಿಗೆ ಯೀಲ್ಡ್ (ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) 276 ಎಂಪಿಎ. ನಮ್ಮ ಎಂಎಸ್‌ಗೆ ಪುಸ್ತಕದಲ್ಲಿ 250. ತೂಕ ಮೂರರಲ್ಲಿ ಒಂದು ಪಾಲು. ಹಾಗಾದರೆ ಅದೇ ಅಳತೆಯ ಅಲ್ಯೂಮಿನಿಯಂ ಪೈಪ್ ಹಾಕಿದರೆ ಸಾಕಲ್ವಾ? ಆದರೆ ಬೇರೆ ತಾಣದಲ್ಲಿ ಅದೇ 6061ಗೆ ಬೇರೆ ಅಂಕಿ ಇದೆ. ಯಾವುದು ಸರಿ ಅಂತಲೇ ತಿಳಿಯುತ್ತಿಲ್ಲ. ನೀವೆಲ್ಲ ಹೇಗೆ ಹುಡುಕುತ್ತೀರಿ, ಹೇಗೆ ಹೋಲಿಸುತ್ತೀರಿ? ದಯವಿಟ್ಟು ಹೇಳಿ.

ಪೀಣ್ಯದಿಂದ, ಯಂತ್ರ ಡಿಸೈನ್

ಅಂಕಿ ತಪ್ಪಿಲ್ಲ. ನೀವು ಹೋಲಿಸಿದ ಎರಡು ಅಂಕಿ ಒಂದೇ ಜಾತಿಯವಲ್ಲ, ತೊಂದರೆ ಅಲ್ಲಿದೆ.

ಮ್ಯಾಟ್‌ವೆಬ್‌ನ ಆ ಪುಟ ಮತ್ತೆ ತೆಗೆಯಿರಿ. ಯೀಲ್ಡ್ ಸಾಲಿನ ಬಲತುದಿಯ ಕಾಲಂ ನೋಡಿ. ಅಲ್ಲಿ ಸಣ್ಣದಾಗಿ "ಎಎ, ಟಿಪಿಕಲ್" ಅಂತ ಇದೆ. ಎಎ ಅಂದರೆ ಅಮೆರಿಕದ ಅಲ್ಯೂಮಿನಿಯಂ ಅಸೋಸಿಯೇಷನ್. ಟಿಪಿಕಲ್ ಅಂದರೆ ಸಾಮಾನ್ಯವಾಗಿ ಬರುವ ಅಂಕಿ. ಇಷ್ಟು ಇದ್ದೇ ಇರುತ್ತದೆ ಅನ್ನುವ ಖಾತ್ರಿ ಅದಲ್ಲ. ಎಕ್ಸ್‌ಟ್ರೂಷನ್‌ಗಳಿಗೆ (ಅಚ್ಚಿನಿಂದ ಒತ್ತಿ ತೆಗೆದ ಪೈಪು, ಸೆಕ್ಷನ್‌ಗಳಿಗೆ) ಅಮೆರಿಕದ ಸ್ಟ್ಯಾಂಡರ್ಡ್ ಎಎಸ್‌ಟಿಎಂ ಬಿ221 ಕೊಡುವ ಖಾತ್ರಿ 240. ನಿಮ್ಮ ಎಂಎಸ್‌ನ 250 ಇದೆಯಲ್ಲ, ಅದು ಭಾರತೀಯ ಸ್ಟ್ಯಾಂಡರ್ಡ್ ಐಎಸ್ 2062ರ ಇ250 ಗ್ರೇಡಿನ ಕನಿಷ್ಠ ಅಂಕಿ, ಅದೂ 20 ಮಿ.ಮೀ.ಗಿಂತ ತೆಳುವಾದ ಮಾಲಿಗೆ. ಅಂದರೆ ಒಂದು ಕಡೆ ಸರಾಸರಿ ಹಿಡಿದಿದ್ದೀರಿ, ಇನ್ನೊಂದು ಕಡೆ ಕನಿಷ್ಠ. ಇನ್ನೊಂದು ಮಾತು. ಚೌಕ ಪೈಪು ಐಎಸ್ 2062ಗೆ ಸೇರುವುದಿಲ್ಲ. ಅದಕ್ಕೆ ಐಎಸ್ 4923 ಇದೆ, ಅದರಲ್ಲಿ 210, 240, 310 ಅಂತ ಗ್ರೇಡುಗಳಿವೆ. ನಿಮ್ಮ ಪೈಪು ಯಾವುದು ಅಂತ ಅಂಗಡಿಯವರ ಹತ್ತಿರ ಟಿಸಿ (ಟೆಸ್ಟ್ ಸರ್ಟಿಫಿಕೇಟ್) ಕೇಳಿ ನೋಡಿ.

ಬೇರೆ ತಾಣದಲ್ಲಿ ಬೇರೆ ಅಂಕಿ ಬಂದದ್ದಕ್ಕೆ ಬಹುಶಃ ಟೆಂಪರ್, ಅಂದರೆ ಮಾಲಿಗೆ ಕೊಟ್ಟ ಹೀಟ್ ಟ್ರೀಟ್‌ಮೆಂಟಿನ ಸ್ಥಿತಿ, ಕಾರಣ. 6061 ಅಂತ ಮಾತ್ರ ಹೊಡೆದರೆ ಒ, ಟಿ4, ಟಿ6 ಎಲ್ಲ ಬರುತ್ತವೆ. ಒ ಟೆಂಪರಿನಲ್ಲಿ ಅದೇ 6061ರ ಯೀಲ್ಡ್ ಸುಮಾರು 55 ಎಂಪಿಎ. ಹೆಸರು ಒಂದೇ, ಬಲ ಐದರಲ್ಲಿ ಒಂದು! ಮ್ಯಾಟ್‌ವೆಬ್‌ನಲ್ಲಿ "ಓವರ್‌ವ್ಯೂ" ಅಂತ ಶುರುವಾಗುವ ಪುಟಗಳೂ ಇವೆ. ಅವು ಹತ್ತಾರು ಗ್ರೇಡುಗಳನ್ನು ಸೇರಿಸಿ ಕೊಟ್ಟ ಹರವು ಮತ್ತು ಸರಾಸರಿ. ಪರಿಚಯಕ್ಕೆ ಚೆನ್ನ, ಲೆಕ್ಕಕ್ಕೆ ಬೇಡ.

ಈಗ ನಿಮ್ಮ ಫ್ರೇಮಿಗೆ ಬರೋಣ. ಅಲ್ಯೂಮಿನಿಯಂ ಪೈಪನ್ನು ವೆಲ್ಡ್ ಮಾಡುತ್ತೀರಿ ಅಲ್ವಾ? ಟಿ6 ಬಲ ಬಂದಿರುವುದು ಹೀಟ್ ಟ್ರೀಟ್‌ಮೆಂಟಿನಿಂದ. ವೆಲ್ಡ್ ಬಿಸಿ ಅದನ್ನು ಅಳಿಸುತ್ತದೆ. ವೆಲ್ಡಿನ ಅಕ್ಕಪಕ್ಕ ಒಂದೊಂದು ಇಂಚಿಗೆ ಅಮೆರಿಕದವರು ಡಿಸೈನ್‌ಗೆ ಹಿಡಿಯುವ ಯೀಲ್ಡ್ ಸುಮಾರು 105 ಎಂಪಿಎ. ಫ್ರೇಮು ಬಿಟ್ಟುಕೊಡುವುದು ಮೂಲೆಯಲ್ಲೇ, ವೆಲ್ಡ್ ಇರುವುದೂ ಮೂಲೆಯಲ್ಲೇ. ಡೇಟಾಶೀಟಿನ 276 ಅಲ್ಲಿ ಇಲ್ಲ.

ಅದೇ ಪುಟದಲ್ಲಿ ಫೆಟೀಗ್ (ಪದೇ ಪದೇ ಭಾರ ಬಿದ್ದು ಲೋಹ ದಣಿಯುವುದು) ಸಾಲು ನೋಡಿ. 96.5 ಎಂಪಿಎ, 50 ಕೋಟಿ ಸುತ್ತಿಗೆ. ಬಲಗಡೆ ಆರ್‌ಆರ್ ಮೂರ್ ಅಂತ ಬರೆದಿರುತ್ತದೆ. ನುಣ್ಣಗೆ ಪಾಲಿಶ್ ಮಾಡಿದ ಸಣ್ಣ ಕಡ್ಡಿಯನ್ನು ತಿರುಗಿಸಿ ಬಗ್ಗಿಸುವ ಪರೀಕ್ಷೆ ಅದು. ಸುಲಿಯುವ ಯಂತ್ರ ದಿನವಿಡೀ ಗಡಗಡ ಅನ್ನುತ್ತಿರುತ್ತದೆ. ನಿಮಗೆ ಬೇಕಾದ ಸಾಲು ಇದು, ಯೀಲ್ಡ್ ಅಲ್ಲ. ವೆಲ್ಡ್ ಇದ್ದರೆ ಈ 96.5 ಕೂಡ ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಿಗಿತ. ಉಕ್ಕಿನ ಮಾಡ್ಯುಲಸ್ (ಬಿಗಿತದ ಅಂಕಿ) ಸುಮಾರು 205 ಜಿಪಿಎ, ಅಲ್ಯೂಮಿನಿಯಂದು 69. ಅದೇ ಅಳತೆಯ ಪೈಪು ಹಾಕಿದರೆ ಮೂರು ಪಟ್ಟು ಬಾಗುತ್ತದೆ. ಶಾಫ್ಟ್ ಅಲೈನ್‌ಮೆಂಟ್ ತಪ್ಪುತ್ತದೆ, ಬೆಲ್ಟ್ ಜಾರುತ್ತದೆ. ಮಾಡ್ಯುಲಸನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ. ಉಕ್ಕಿಗೆ 26, ಅಲ್ಯೂಮಿನಿಯಂಗೆ 25.5, ಟೈಟಾನಿಯಂಗೂ ಹತ್ತಿರ ಹತ್ತಿರ ಅಷ್ಟೇ. ಸುಮ್ನೆ ಎಳೆಯುವ ಕಡ್ಡಿಯಾದರೆ ಅಲ್ಯೂಮಿನಿಯಂನಿಂದ ಲಾಭವೇ ಇಲ್ಲ! ಆದರೆ ಬಾಗುವ ಭಾಗವಾದರೆ ಲಾಭ ಇದೆ, ಯಾಕೆಂದರೆ ಪೈಪನ್ನು ದೊಡ್ಡದು ಮಾಡಬಹುದು. ಗೋಡೆಯ ದಪ್ಪ ಅಷ್ಟೇ ಇಟ್ಟು 40ರ ಬದಲು ಸುಮಾರು 58 ಮಿ.ಮೀ. ಚೌಕ ಹಾಕಿದರೆ ಅದೇ ಬಿಗಿತ ಬರುತ್ತದೆ, ತೂಕ ಹೆಚ್ಚುಕಡಿಮೆ ಅರ್ಧ. ಮೂರರಲ್ಲಿ ಒಂದು ಅಲ್ಲ, ಅರ್ಧ. ಕೇಂಬ್ರಿಜ್‌ನ ಮೈಕ್ ಆಶ್ಬಿ ಅವರ ಚಾರ್ಟುಗಳು ಇದನ್ನೇ ಚಿತ್ರದಲ್ಲಿ ತೋರಿಸುತ್ತವೆ. ನಿಮ್ಮ ಹತ್ತಿರದ ಕಾಲೇಜಿನಲ್ಲಿ ಗ್ರಾಂಟಾ ಎಜುಪ್ಯಾಕ್ ಅನ್ನುವ ಮಟೀರಿಯಲ್ ಹೋಲಿಸುವ ಸಾಫ್ಟ್‌ವೇರ್ ಇದ್ದರೆ ಹೋಗಿ ಒಂದು ಮಧ್ಯಾಹ್ನ ಕೂತು ನೋಡಿ.

ನನ್ನ ಅನುಭವ ಒಂದು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ 75 ಮಿ.ಮೀ. ಶಾಫ್ಟಿಗೆ ಇಎನ್8 ಉಕ್ಕು ಆಯ್ದೆ. ಹಾರ್ಡನ್, ಟೆಂಪರ್ ಮಾಡಿದ ಅಂಕಿ ಎತ್ತಿಕೊಂಡೆ. ಅದು 25 ಮಿ.ಮೀ. ರೌಂಡಿನ ಅಂಕಿ ಅಂತ ಹೆಸರಿನಲ್ಲೇ ಬರೆದಿತ್ತು, ನಾನು ಓದಲಿಲ್ಲ. ಶಾಫ್ಟು ಬಂತು, ಮೇಲೆ ಹಾರ್ಡ್‌ನೆಸ್ ನೋಡಿದೆವು, ಸರಿಯಾಗಿತ್ತು. ಬೇರಿಂಗ್ ಕೂರಲು ಸ್ಟೆಪ್ ಟರ್ನ್ ಮಾಡಿದರು. ಟರ್ನರ್ ಕರೆದು "ಸರ್, ಇಲ್ಲಿ ಟೂಲು ಬೆಣ್ಣೆಯಲ್ಲಿ ಹೋದ ಹಾಗೆ ಹೋಗ್ತಿದೆ" ಅಂದರು. ಮತ್ತೆ ಅಳೆದರೆ ಒಳಗೆ ತುಂಬಾ ಮೆತ್ತಗಿತ್ತು. ಆ ಉಕ್ಕು ಅಷ್ಟು ದಪ್ಪಕ್ಕೆ ಒಳಗಿನವರೆಗೆ ಹಾರ್ಡನ್ ಆಗುವುದಿಲ್ಲ. ಎಂಟು ಶಾಫ್ಟ್ ಸ್ಕ್ರಾಪ್ ಆಯಿತು. ಅವತ್ತಿನಿಂದ ಅಂಕಿಗಿಂತ ಮೊದಲು ಹೆಸರನ್ನು ಪೂರ್ತಿ ಓದುತ್ತೇನೆ. ಯಾವ ಟೆಂಪರ್, ಎಷ್ಟು ದಪ್ಪ, ಬಾರೋ ಪ್ಲೇಟೋ ಕಾಸ್ಟಿಂಗೋ. ಅವು ಹೊಂದಿದರೆ ಮಾತ್ರ ಮುಂದಿನ ಸಾಲು.

ಹುಡುಕುವ ಹೆಸರಿನ ಬಗ್ಗೆಯೂ ಒಂದು ಮಾತು. ನಾವು ಅಂಗಡಿಯಲ್ಲಿ ಹೇಳುವ ಹೆಸರು ಅಮೆರಿಕದ ತಾಣದಲ್ಲಿ ಸಿಗುವುದಿಲ್ಲ. ಇಎನ್8 ಅನ್ನುವುದು ಬ್ರಿಟಿಷರ ಹಳೇ ಹೆಸರು. ಈಗಿನ ಯುರೋಪಿನ ಇಎನ್ ಸ್ಟ್ಯಾಂಡರ್ಡುಗಳಿಗೂ ಅದಕ್ಕೂ ಸಂಬಂಧ ಇಲ್ಲ. 080ಎಂ40 ಅಥವಾ ಎಐಎಸ್‌ಐ 1040 ಅಂತ ಹುಡುಕಿ. ಇಎನ್19ಗೆ 4140, ಇಎನ್24ಗೆ 4340, ಇಎನ್31ಗೆ 52100. ಇವು ಹತ್ತಿರದ ಸಂಬಂಧಿಗಳು, ಅವಳಿಗಳಲ್ಲ. ಕಾಂಪೊಸಿಷನ್ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಅಲ್ಯೂಮಿನಿಯಂ ಅಂಗಡಿಯಲ್ಲಿ 6061 ಕೇಳಿದರೆ "ಎಚ್‌ಇ30 ಇದೆ, ಕೊಡ್ಲಾ?" ಅನ್ನುತ್ತಾರೆ. ಅದನ್ನು 6082 ಅಂತ ಹುಡುಕಿ. ಎಚ್‌ಇ9 ಅಂದರೆ 6063, ಕಿಟಕಿ ಸೆಕ್ಷನ್ನಿನದು, ಬಲ ಕಡಿಮೆ. ಅದನ್ನು ಫ್ರೇಮಿಗೆ ತರಬೇಡಿ.

ಮಂಗಳೂರಿನಿಂದ, ಪ್ಲಾಸ್ಟಿಕ್ ಮೋಲ್ಡಿಂಗ್

ಬುಶ್ ಬಗ್ಗೆ ನಾನು ಹೇಳುತ್ತೇನೆ. ನೈಲಾನ್ ಪುಟದಲ್ಲಿ ಒಂದೇ ಗುಣಕ್ಕೆ ಎರಡು ಅಂಕಿ ಇದ್ದರೆ ಹೆದರಬೇಡಿ. ಒಂದು ಒಣಗಿದಾಗ, ಇನ್ನೊಂದು ಗಾಳಿಯ ತೇವ ಕುಡಿದ ಮೇಲೆ. ನೈಲಾನ್ 6ರ ಮಾಡ್ಯುಲಸ್ ಒಣಗಿದ್ದಾಗ ಸುಮಾರು 3 ಜಿಪಿಎ, ತೇವ ಕುಡಿದ ಮೇಲೆ ಸುಮಾರು 1. ಒಂದೇ ಅಂಕಿ ಕೊಟ್ಟು ಯಾವ ಸ್ಥಿತಿ ಅಂತ ಬರೆಯದಿದ್ದರೆ, ಒಣಗಿದ್ದು ಅಂತಲೇ ಹಿಡಿಯಿರಿ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಅದು ಒಣಗಿ ಇರುವುದು ಯಾವಾಗ?

ನಾವು ಒಂದು ಕನ್ವೇಯರಿಗೆ ನೈಲಾನ್ ಬುಶ್ ಮಾಡಿದ್ದೆವು. ಮಾರ್ಚಿನಲ್ಲಿ ಜೋಡಿಸಿದಾಗ ಬೆರಳಲ್ಲಿ ತಿರುಗುತ್ತಿತ್ತು. ಜುಲೈಯಲ್ಲಿ ಫೋನ್ ಬಂತು, ಶಾಫ್ಟ್ ಹಿಡಿದುಕೊಂಡಿದೆ ಅಂತ. ಹೋಗಿ ನೋಡಿದರೆ ಬುಶ್ ಶಾಫ್ಟಿಗೆ ಕಚ್ಚಿ ಕೂತಿತ್ತು, ಸುತ್ತಿಗೆಯಲ್ಲಿ ಬಡಿದು ತೆಗೆಯಬೇಕಾಯಿತು. ತೇವ ಕುಡಿದು ಉಬ್ಬಿದೆ. ಹೊರಗೆ ಹೌಸಿಂಗ್ ಬಿಡುವುದಿಲ್ಲ, ಹಾಗಾಗಿ ಒಳಗಿನ ತೂತೇ ಕಿರಿದಾಯಿತು. ನೀರು ಹೀರುವಿಕೆ ಅನ್ನುವ ಸಾಲು ಪುಟದ ಮೇಲ್ಗಡೆಯೇ ಇತ್ತು. ಬುಶ್ ಅಂದರೆ ಸವೆತ, ಬಲ ಇಷ್ಟೇ ನೋಡಬೇಕು ಅಂದುಕೊಂಡಿದ್ದೆವು. ನೈಲಾನ್ 6 ಸಾಮಾನ್ಯ ಗಾಳಿಯಲ್ಲೇ ಸುಮಾರು ನೂರಕ್ಕೆ 2.5ರಿಂದ 3ರಷ್ಟು ನೀರು ಹೀರುತ್ತದೆ, ನೀರಲ್ಲೇ ಇಟ್ಟರೆ 9ರವರೆಗೂ ಹೋಗುತ್ತದೆ. ಅಸಿಟಾಲ್, ಅಂದರೆ ಅಂಗಡಿಯ ಮಾತಿನಲ್ಲಿ ಡೆಲ್ರಿನ್, ಗಾಳಿಯಲ್ಲಿ ಸುಮಾರು 0.2 ಅಷ್ಟೇ. ನಿಮ್ಮ ಬುಶ್‌ಗೆ ಡೆಲ್ರಿನ್ ನೋಡಿ. ನೈಲಾನೇ ಬೇಕಾದರೆ ಕ್ಲಿಯರೆನ್ಸ್ ಜಾಸ್ತಿ ಬಿಡಿ.

ಪ್ಲಾಸ್ಟಿಕ್ ಹೋಲಿಸುವಾಗ ಶಾಖದ ಅಂಕಿ ಕೂಡ ಮೋಸ ಮಾಡುತ್ತದೆ. ಎಚ್‌ಡಿಟಿಯನ್ನು (ಭಾರ ಹೊತ್ತ ಪ್ಲಾಸ್ಟಿಕ್ ಬಿಸಿಗೆ ಬಾಗುವ ಉಷ್ಣತೆ) 0.45 ಎಂಪಿಎ ಭಾರದಲ್ಲಿ ಅಳೆಯುತ್ತಾರೆ, 1.8ರಲ್ಲೂ ಅಳೆಯುತ್ತಾರೆ. ಗ್ಲಾಸ್ ಸೇರಿಸದ ನೈಲಾನ್ 66 ಮೊದಲನೆಯದರಲ್ಲಿ 200 ಡಿಗ್ರಿ ಹತ್ತಿರ, ಎರಡನೆಯದರಲ್ಲಿ 75ರ ಆಸುಪಾಸು. ಒಬ್ಬ ತಯಾರಕರು ಮೊದಲನೆಯದು ಬರೆದು, ಇನ್ನೊಬ್ಬರು ಎರಡನೆಯದು ಬರೆದರೆ ಹೋಲಿಕೆ ಹಾಳು. ಐಜಾಡ್ ಇಂಪ್ಯಾಕ್ಟೂ (ಪೆಟ್ಟು ತಡೆಯುವ ಶಕ್ತಿ) ಹಾಗೇ. ಎಎಸ್‌ಟಿಎಂ ಮೀಟರಿಗೆ ಜೂಲ್‌ನಲ್ಲಿ, ಐಎಸ್‌ಒ ಚದರ ಮೀಟರಿಗೆ ಕಿಲೋಜೂಲ್‌ನಲ್ಲಿ. ಇದರ ತಲೆನೋವು ಬೇಡ ಅಂದರೆ ಕ್ಯಾಂಪಸ್ ಡೇಟಾಬೇಸ್ ನೋಡಿ. 1988ರಲ್ಲಿ ಜರ್ಮನಿಯ ಪ್ಲಾಸ್ಟಿಕ್ ತಯಾರಕರು ಸೇರಿ ಶುರು ಮಾಡಿದ್ದು. ಅದರಲ್ಲಿ ಎಲ್ಲರೂ ಒಂದೇ ಬಗೆಯ ತುಂಡು, ಒಂದೇ ಬಗೆಯ ಪರೀಕ್ಷೆ ಬಳಸಬೇಕು. ಗ್ರೇಡುಗಳ ಸಂಖ್ಯೆ ಕಡಿಮೆ ಇರಬಹುದು, ಆದರೆ ಪಕ್ಕಪಕ್ಕ ಇಟ್ಟು ನೋಡಲು ನನಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಅಡಿಕೆಯ ಹಸಿ ಸಿಪ್ಪೆಯ ರಸ ಯಾವ ಡೇಟಾಬೇಸಿನಲ್ಲೂ ಹುಡುಕಬೇಡಿ. ಬುಶ್‌ನ ಪ್ಲಾಸ್ಟಿಕ್ಕಿನ ತುಂಡು ಕತ್ತರಿಸಿ ಆ ರಸದಲ್ಲಿ ಒಂದು ತಿಂಗಳು ನೆನೆಹಾಕಿ. ಮೊದಲು ತೂಕ, ಅಳತೆ ಬರೆದಿಡಿ, ಆಮೇಲೆ ಮತ್ತೆ ಅಳೆಯಿರಿ.

ಬೆಳಗಾವಿಯಿಂದ, ಫೌಂಡ್ರಿ

ನಿಮ್ಮ ಪುಲ್ಲಿ, ಸೈಡ್ ಪ್ಲೇಟು ಕಾಸ್ಟಿಂಗ್ ಇದ್ದರೆ ಇದನ್ನೂ ನೆನಪಿಡಿ. ಐಎಸ್ 210ರಲ್ಲಿ ಎಫ್‌ಜಿ 260 ಅಂದರೆ 30 ಮಿ.ಮೀ. ಟೆಸ್ಟ್ ಬಾರಿನಲ್ಲಿ 260 ಎಂಪಿಎ. ನಿಮ್ಮ ಕಾಸ್ಟಿಂಗಿನಲ್ಲಿ ಅಲ್ಲ. ದಪ್ಪ ಜಾಗದಲ್ಲಿ ನಿಧಾನ ತಣ್ಣಗಾಗಿ ಬಲ ಇಳಿಯುತ್ತದೆ, ತೆಳು ಜಾಗದಲ್ಲಿ ಏರುತ್ತದೆ, ಕೆಲವೊಮ್ಮೆ ಚಿಲ್ ಆಗಿ (ಬೇಗ ತಣ್ಣಗಾಗಿ ತೀರಾ ಗಟ್ಟಿಯಾಗಿ) ಟೂಲೇ ತಿನ್ನುವುದಿಲ್ಲ. ಡ್ರಾಯಿಂಗ್ ಮುಗಿಸುವ ಮೊದಲು ಫೌಂಡ್ರಿಯವರಿಗೆ ಒಮ್ಮೆ ತೋರಿಸಿ. ನಮ್ಮ ಹತ್ತಿರ ಬರುವ ಅರ್ಧ ಡ್ರಾಯಿಂಗಿನಲ್ಲಿ ಗ್ರೇಡ್ ಸರಿ ಇರುತ್ತದೆ, ದಪ್ಪ ತಪ್ಪಿರುತ್ತದೆ.

ದಾವಣಗೆರೆಯಿಂದ, ಮೆಕ್ಯಾನಿಕಲ್ ವಿದ್ಯಾರ್ಥಿನಿ

ನಾನು ಇನ್ನೂ ಓದುತ್ತಿದ್ದೇನೆ. ಬಾಹಾ (ಕಾಲೇಜು ತಂಡಗಳ ಗಾಡಿ ಸ್ಪರ್ಧೆ) ಗಾಡಿಯ ರೋಲ್ ಕೇಜಿಗೆ ಪೈಪ್ ಆರಿಸಲು ನಾವು ತಿಂಗಳುಗಟ್ಟಲೆ ಹುಡುಕಿದ್ದೆವು, ಅದನ್ನು ಹೇಳುತ್ತೇನೆ. ಅಲ್ಲಿನ ನಿಯಮದಲ್ಲಿ ಬೇರೆ ಉಕ್ಕು ಬಳಸಿದರೆ 1018 ಉಕ್ಕಿನ ಪೈಪಿನಷ್ಟೇ ಬಾಗುವ ಬಿಗಿತ, ಬಲ ಎರಡೂ ಇರಬೇಕು. ಬಿಗಿತದ ಲೆಕ್ಕಕ್ಕೆ ಎಲ್ಲ ಉಕ್ಕಿಗೂ 205 ಜಿಪಿಎ ಹಿಡಿಯಿರಿ ಅಂತ ಅವರೇ ಬರೆದಿದ್ದಾರೆ. ನಮ್ಮ ಟೀಮಿನವರು ಅದಕ್ಕೂ ಮೊದಲು ಹೆಚ್ಚು ಮಾಡ್ಯುಲಸ್ ಇರುವ ಉಕ್ಕು ಹುಡುಕುತ್ತಾ ಒಂದು ವಾರ ಕಳೆದಿದ್ದರು. 4130 ಉಕ್ಕು ಹಾಕಿದರೆ ಬಲ ಹೆಚ್ಚುತ್ತದೆ, ಬಾಗುವುದು ಕಡಿಮೆಯಾಗುವುದಿಲ್ಲ.

ಇನ್ನೊಂದು. ಗುಣ ಹಾಕಿ ಫಿಲ್ಟರ್ ಮಾಡುವಾಗ, ಆ ಕಾಲಂ ಖಾಲಿ ಇರುವ ಮಟೀರಿಯಲ್ ಪಟ್ಟಿಯಿಂದಲೇ ಹೊರಟುಹೋಗುತ್ತದೆ. ಆ ಗುಣ ಇಲ್ಲ ಅಂತ ಅಲ್ಲ, ಯಾರೂ ಅಳೆದು ಹಾಕಿಲ್ಲ ಅಂತ. ಫೆಟೀಗ್, ಯೀಲ್ಡ್, ಎಲಾಂಗೇಷನ್, ಉಷ್ಣವಾಹಕತೆ ಎಲ್ಲ ಒಟ್ಟಿಗೆ ಹಾಕಿದಾಗ ನಮಗೆ ಬೇಕಾದ ಗ್ರೇಡೇ ಮಾಯವಾಗಿತ್ತು. ಈಗ ಒಂದೊಂದೇ ಷರತ್ತು ಹಾಕಿ, ಪಟ್ಟಿಯಲ್ಲಿ ಎಷ್ಟು ಉಳಿಯಿತು ಅಂತ ನೋಡುತ್ತಾ ಹೋಗುತ್ತೇನೆ. ಎರಡನ್ನೇ ಪಕ್ಕಪಕ್ಕ ನೋಡಲು ಮೇಕ್‌ಇಟ್‌ಫ್ರಮ್ ತಾಣ ಸುಲಭ. ಮಟೀರಿಯಲ್ಸ್ ಪ್ರಾಜೆಕ್ಟ್ ಅಂತ ಒಂದು ಸಿಗುತ್ತದೆ, ಚೆನ್ನಾಗಿದೆ, ಆದರೆ ಅದರಲ್ಲಿ ಹೆಚ್ಚಿನವು ಹರಳಿನ ರಚನೆಯಿಂದ ಕಂಪ್ಯೂಟರ್ ಲೆಕ್ಕ ಹಾಕಿದ ಅಂಕಿಗಳು. ಪೈಪ್ ಆರಿಸಲು ಅದಲ್ಲ. ಐಎಸ್ 2062, ಐಎಸ್ 4923 ಎಲ್ಲ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತಾಣದಲ್ಲಿ ನೋಂದಾಯಿಸಿಕೊಂಡರೆ ದುಡ್ಡಿಲ್ಲದೆ ಸಿಗುತ್ತವೆ.

ಪೀಣ್ಯದಿಂದ, ಮತ್ತೆ

ಒಂದು ಮರೆತಿದ್ದೆ. ಅಲ್ಯೂಮಿನಿಯಂ ಹಾಕಿದರೆ ವೆಲ್ಡ್ ಬಿಟ್ಟು ಬೋಲ್ಟ್ ಮಾಡಿ, ಟಿ6 ಬಲ ಉಳಿಯುತ್ತದೆ. ಆದರೆ ಉಕ್ಕು ತಾಗುವ ಕಡೆ ನಡುವೆ ನೈಲಾನ್ ವಾಶರ್, ಸ್ಲೀವ್ ಇಡಿ. ನಿಮ್ಮ ಕಡೆ ಮಳೆಯಲ್ಲಿ ಎರಡು ಲೋಹ ಒದ್ದೆಯಾಗಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ವಾರ ಕೂತು ಮತ್ತೆ ಲೆಕ್ಕ ಹಾಕಿದೆ. ಮೋಟಾರು, ಶಾಫ್ಟು ಕೂರುವ ಕೆಳಗಿನ ಫ್ರೇಮು ಎಂಎಸ್‌ನಲ್ಲೇ ಇರಲಿ ಅಂತ ಯಜಮಾನರಿಗೆ ಹೇಳಿದೆ. ಮೇಲಿನ ಹಾಪರ್ ಸ್ಟ್ಯಾಂಡು, ಗಾರ್ಡ್ ಫ್ರೇಮು 6082ನಲ್ಲಿ, 60 ಮಿ.ಮೀ. ಚೌಕ, ಬೋಲ್ಟ್ ಜೋಡಣೆ. ಅದನ್ನು ಬಿಚ್ಚಿ ಬೇರೆ ಸಾಗಿಸಬಹುದು, ಹಾಗಾಗಿ ಏರಿಸಲು ಇಬ್ಬರು ಸಾಕಾಗಬಹುದು. ಅಂಗಡಿಯಲ್ಲಿ ಟಿಸಿ ಕೇಳಿದೆ. ಮೊದಲು "ಯಾಕೆ ಬೇಕು" ಅಂದರು, ಆಮೇಲೆ ಕೊಟ್ಟರು. ನಮ್ಮ ಎಂಎಸ್ ಪೈಪು 210 ಗ್ರೇಡು. ಇಷ್ಟು ದಿನ 250 ಹಿಡಿದು ಲೆಕ್ಕ ಮಾಡುತ್ತಿದ್ದೆ.

ಬುಶ್ ಎರಡು ಡೆಲ್ರಿನ್, ಎರಡು ನೈಲಾನ್ ಮಾಡಿಸಿದ್ದೇನೆ. ಒಂದೊಂದನ್ನು ಯಂತ್ರಕ್ಕೆ ಹಾಕುತ್ತೇನೆ, ಉಳಿದವು ಸಿಪ್ಪೆ ರಸದ ಡಬ್ಬಿಯಲ್ಲಿ. ಒಳ ವ್ಯಾಸ ಇವತ್ತು ಮೈಕ್ರೋಮೀಟರಿನಲ್ಲಿ ಅಳೆದು ಗೋಡೆಯ ಮೇಲೆ ಬರೆದಿದ್ದೇನೆ. ಮಳೆಗಾಲ ಕಳೆದ ಮೇಲೆ ಎಷ್ಟಾಯಿತು ಅಂತ ಇಲ್ಲೇ ಹಾಕುತ್ತೇನೆ.