ಆರನೇ ಕ್ಲಾಸಿಗೆ ನೀರಿನ ಪ್ರಯೋಗ: ಎಲ್ಲಿಂದ ಶುರು ಮಾಡಲಿ?

ಮಾಲೂರು ಟೀಚರ್:
ನಮಸ್ಕಾರ. ಮಾಲೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನೀರಿನ ಗುಣಗಳನ್ನು ಮಕ್ಕಳು ಕೈಯಾರೆ ಮಾಡಿ ತಿಳಿಯಬೇಕು ಅಂತ ಆಸೆ. ಲ್ಯಾಬ್ ಇಲ್ಲ. ಒಂದು ಲ್ಯಾಬ್ ಥರ್ಮಾಮೀಟರ್, ಬಿಸಿಯೂಟದ ಒಲೆ, ಖಾಲಿ ಬಾಟಲಿಗಳು ಇವೆ. ಏನು ಮಾಡಿಸಬಹುದು?

ಸುಮಾ:
ರೂಪಾಯಿ ನಾಣ್ಯದ ಮೇಲೆ ಡ್ರಾಪರ್‌ನಿಂದ ಹನಿ ಹನಿಯಾಗಿ ನೀರು ಬಿಡಿಸಿ. ಎಷ್ಟು ಹನಿ ನಿಲ್ಲುತ್ತದೆ ಅಂತ ಮೊದಲೇ ಬರೆಸಿ. ನೀರು ಉಬ್ಬಿ ನಿಂತಾಗ ಸೋಪು ನೀರಲ್ಲಿ ಅದ್ದಿದ ಕಡ್ಡಿ ಮುಟ್ಟಿಸಿದರೆ ತಟ್ಟನೆ ಹರಿದುಹೋಗುತ್ತದೆ. ಮೇಲ್ಮೈ ಎಳೆತಕ್ಕೆ (ನೀರಿನ ಮೇಲ್ಪದರ ಬಿಗಿಯಾಗಿ ಹಿಡಿದುಕೊಳ್ಳುವ ಗುಣಕ್ಕೆ) ಇದಕ್ಕಿಂತ ಒಳ್ಳೆ ಪಾಠ ಬೇಡ.

ನಿವೃತ್ತ ಮೇಷ್ಟ್ರು:
ನಾಣ್ಯದ ಆಟ ಚೆನ್ನಾಗಿದೆ ಮೇಡಂ. ಆದರೆ ನಾನಾದರೆ ನಿಮ್ಮೂರ ಬೋರ್‌ವೆಲ್ ನೀರಿನಿಂದಲೇ ಶುರು ಮಾಡುತ್ತೇನೆ. ಮಕ್ಕಳು ದಿನಾ ಬಳಸುವ ನೀರು ಅದು, ಅಲ್ವಾ?

ಒಂದೇ ಥರದ ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಅಷ್ಟೇ ಮಳೆ ನೀರು. ಸ್ನಾನದ ಸೋಪನ್ನು ತುರಿದು ಮಳೆ ನೀರಲ್ಲಿ ಕರಗಿಸಿ, ಎರಡಕ್ಕೂ ಸಮ ಹನಿ ಹಾಕಿ ಕುಲುಕಿಸಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಲ್ಲೂ (ಲವಣ ಜಾಸ್ತಿ ಇರುವ ನೀರಲ್ಲೂ) ನೊರೆ ಕೊಡುತ್ತದೆ. ಮಳೆ ನೀರಲ್ಲಿ ನೊರೆ ಏಳುತ್ತದೆ. ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ ಇದ್ದರೆ ಸೋಪು ಅವುಗಳ ಜೊತೆ ಸೇರಿ ಬಿಳಿ ಕಸವಾಗುತ್ತದೆ, ನೊರೆ ಕಮ್ಮಿ.

ಅಲ್ಲಿಗೇ ಬಿಡಬೇಡಿ. ಸೋಪು ಹಾಕದ ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಅಷ್ಟೇ ಸೋಪಿನ ಹನಿ ಹಾಕಿ ಮತ್ತೆ ಕುಲುಕಿಸಿ. ಈಗ ನೊರೆ ಹೆಚ್ಚಿದರೆ ಗಡಸುತನದ ಒಂದು ಪಾಲು ಕುದಿಯುವಾಗಲೇ ಪಾತ್ರೆಯಲ್ಲಿ ಉಳಿದಿದೆ ಅಂತ ಅರ್ಥ. ಮನೆಯ ಹಂಡೆಯೊಳಗೆ ಕಟ್ಟಿರುವ ಬಿಳಿ ಪದರದ ಚೂರು ತರಿಸಿ, ನಿಂಬೆರಸ ಹಿಂಡಿಸಿ. ಗುಳ್ಳೆ ಬರುವುದನ್ನು ಮಕ್ಕಳೇ ನೋಡಲಿ. ಕಾರಣವನ್ನು ನೀವು ಮೊದಲೇ ಹೇಳಿಬಿಡಬೇಡಿ, ದಯವಿಟ್ಟು.

ಮಾಲೂರು ಟೀಚರ್:
ಮಾಡಿಸಿದೆ ಸರ್, ಕುದಿಸಿ ಸೋಸಿದ ಮೇಲೆ ನೊರೆ ಜಾಸ್ತಿ ಬಂತು! ಆದರೆ ಕುದಿಯುವ ನೀರಲ್ಲಿ ಥರ್ಮಾಮೀಟರ್ 97 ಡಿಗ್ರಿ ದಾಟಲೇ ಇಲ್ಲ. ಪುಸ್ತಕದಲ್ಲಿ 100 ಅಂತಿದೆ. ಕೆಟ್ಟಿದೆಯಾ?

ನಿವೃತ್ತ ಮೇಷ್ಟ್ರು:
ಸರಿಯಾಗಿಯೇ ಇದೆ. ಮಾಲೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಮ್ಮಿ, ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಹೆಚ್ಚುಕಮ್ಮಿ 300 ಮೀಟರ್‌ಗೆ 1 ಡಿಗ್ರಿ ಇಳಿಯುತ್ತದೆ. ಥರ್ಮಾಮೀಟರ್‌ನ ಬುರುಡೆ ಪಾತ್ರೆಯ ತಳಕ್ಕೆ ತಾಗದಂತೆ ಹಿಡಿದು ಇನ್ನೊಮ್ಮೆ ಅಳೆಸಿ. ಮಂಗಳೂರು, ಉಡುಪಿ ಕಡೆಯ ಟೀಚರ್ ಯಾರಾದರೂ ಓದುತ್ತಿದ್ದರೆ ನಿಮ್ಮ ಶಾಲೆಯ ಅಳತೆಯನ್ನೂ ಇಲ್ಲಿ ಹಾಕಿ. ಎರಡೂರಿನ ಮಕ್ಕಳು ಹೋಲಿಸಿ ನೋಡಲಿ.