ಏರ್‌ಬ್ರಷ್ ಹನಿ ಉಗುಳುತ್ತಿದೆ, ಚೌತಿ ಮೂರ್ತಿಯ ಶೇಡ್ ಹಾಳಾಗುತ್ತಿದೆ

ಪ್ರಶ್ನೆ (ಅಂಕೋಲಾದಿಂದ):
ಅಣ್ಣ, ನಮಸ್ಕಾರ. ನಮ್ಮ ಮನೆಯಲ್ಲಿ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತೇವೆ. ಅಪ್ಪ ಕುಂಚದಲ್ಲೇ ಬಣ್ಣ ಹಚ್ಚುವವರು. ಮುಖಕ್ಕೆ, ಸೊಂಡಿಲಿಗೆ ಶೇಡ್ ಕೊಡೋಣ ಅಂತ ನಾನು ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕಲಿಯುತ್ತಿದ್ದೇನೆ. 0.3 ಮಿ.ಮೀ. ಸೂಜಿಯ, ಒಂದೇ ಟ್ರಿಗರಿನಲ್ಲಿ ಗಾಳಿ, ಬಣ್ಣ ಎರಡನ್ನೂ ಬಿಡುವ ಡಬಲ್ ಆ್ಯಕ್ಷನ್, ಟ್ಯಾಂಕ್ ಇಲ್ಲದ ಸಣ್ಣ ಕಂಪ್ರೆಸರ್, ನೀರಿನ ಅಕ್ರಿಲಿಕ್ ಬಣ್ಣ. ಗೆರೆ ಶುರುವಾಗುವ ಕಡೆ ದಪ್ಪ ಚುಕ್ಕೆ ಬೀಳುತ್ತದೆ. ಕೆಲವು ಸಲ ಚೆನ್ನಾಗಿ ಬರುತ್ತಿರುವಾಗಲೇ ಪಚಕ್ ಅಂತ ಹನಿ ಉಗುಳುತ್ತದೆ. ಬಣ್ಣ ಗಟ್ಟಿಯಾಯಿತೇನೋ ಅಂತ ಮತ್ತಷ್ಟು ನೀರು ಹಾಕಿದೆ. ಈಗ ಬಣ್ಣ ಎಳೆ ಎಳೆಯಾಗಿ ಸುತ್ತ ಹರಿಯುತ್ತಿದೆ. ಬ್ರಷ್ಷೇ ಸರಿ ಇಲ್ಲವಾ?

ಉತ್ತರ (ಏರ್‌ಬ್ರಷ್ ಕೆಲಸಗಾರ, ಕಾರವಾರ):
ತಂಗಿ, ಬ್ರಷ್ ಮೇಲೆ ಈಗಲೇ ಅನುಮಾನ ಬೇಡ. ನೀವು ಹೇಳಿದ್ದು ಒಂದು ತೊಂದರೆ ಅಲ್ಲ, ಮೂರು. ಚುಕ್ಕೆ ಎಲ್ಲಿ ಬೀಳುತ್ತದೆ ಅನ್ನೋದನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ.

ಗೆರೆಯ ಶುರುವಿನಲ್ಲಿ ಬೀಳುವುದು ಬೆರಳಿನ ಅಭ್ಯಾಸದ್ದು. ಮೊದಲು ಟ್ರಿಗರ್ ಒತ್ತಿ ಗಾಳಿ ಮಾತ್ರ ಬಿಡಿ. ಕೈ ಚಲಿಸುತ್ತಿರುವಾಗ ನಿಧಾನ ಹಿಂದಕ್ಕೆ ಎಳೆದು ಬಣ್ಣ ಬಿಡಿ. ಮುಗಿಸುವಾಗ ಮೊದಲು ಟ್ರಿಗರ್ ಮುಂದಕ್ಕೆ ತಂದು ಬಣ್ಣ ನಿಲ್ಲಿಸಿ, ಗಾಳಿ ಇನ್ನೂ ಹೋಗುತ್ತಿರಲಿ. ಹೊಸಬರೆಲ್ಲ ಬೆರಳನ್ನು ಒಮ್ಮೆಲೇ ಬಿಟ್ಟುಬಿಡುತ್ತಾರೆ. ಆಗ ಗಾಳಿ ನಿಂತು ಬಣ್ಣ ತುದಿಯಲ್ಲೇ ಉಳಿಯುತ್ತದೆ. ಮುಂದಿನ ಗೆರೆಗೆ ಗಾಳಿ ಬಿಟ್ಟ ಕೂಡಲೇ ಆ ಹನಿಯೇ ಮೊದಲು ಹಾರುತ್ತದೆ.

ಎಳೆ ಎಳೆಯಾಗಿ ಹರಿಯುವುದು ನೀರು ಜಾಸ್ತಿಯಾಗಿದ್ದಕ್ಕೆ, ಅಥವಾ ಬ್ರಷ್ ತೀರಾ ಹತ್ತಿರ ಹಿಡಿದಿದ್ದಕ್ಕೆ. ಬಣ್ಣ ಹಾಲಿನ ಹದಕ್ಕೆ ಬಂದರೆ ಸಾಕು. ಬರೀ ನೀರಿಗಿಂತ ಅದೇ ಬಣ್ಣದ ಕಂಪನಿಯ ಥಿನ್ನರ್ ಒಳ್ಳೆಯದು. ತೆಳ್ಳಗಿನ ಬಟ್ಟೆಯಲ್ಲಿ ಸೋಸಿ ಬ್ರಷ್ಷಿನ ಕಪ್‌ಗೆ ಹಾಕಿ. ಪ್ರೆಷರ್ 18ರಿಂದ 22 ಪಿಎಸ್‌ಐ ಇಟ್ಟು ನೋಡಿ. ಟ್ರಿಗರ್ ಒತ್ತಿ ಹಿಡಿದಾಗ ಮೀಟರ್ ಎಷ್ಟು ತೋರಿಸುತ್ತದೋ ಅದೇ ಲೆಕ್ಕ. ಮಳೆಗಾಲದಲ್ಲಿ ಒಂದು ಕೋಟ್ ಒಣಗಲು ತುಂಬಾ ಹೊತ್ತು ಬೇಕು. ಹಸಿ ಇರುವಾಗಲೇ ಮತ್ತೊಂದು ಕೊಟ್ಟರೂ ಹೀಗೇ ಹರಿಯುತ್ತದೆ.

ನಡುವೆ ಪಚಕ್ ಅನ್ನುವುದಿದೆಯಲ್ಲ, ನನಗೆ ಅದು ಪೈಪಿನೊಳಗಿನ ನೀರು ಅನ್ನಿಸುತ್ತದೆ. ಕಪ್ ಪೂರ್ತಿ ಖಾಲಿ ಮಾಡಿ, ಬ್ರಷ್ ತೊಳೆದು ಒಣಗಿಸಿ, ಒಂದು ಕನ್ನಡಿಯ ಮೇಲೆ ಬರೀ ಗಾಳಿ ಬಿಡುತ್ತಾ ಇರಿ. ಏನಾಗುತ್ತದೆ ಹೇಳಿ.

ಪ್ರಶ್ನೆ ಕೇಳಿದವರು:
ಕನ್ನಡಿ ಮೇಲೆ ಸಣ್ಣ ಸಣ್ಣ ಹನಿ ಬಿತ್ತು ಅಣ್ಣ! ಆದರೆ ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇದೆಯಲ್ಲ. ಅದರಲ್ಲಿ ನೀರೇ ಇಲ್ಲ.

ಉತ್ತರ:
ಫಿಲ್ಟರ್ ಕಂಪ್ರೆಸರ್ ಮೈಗೇ ಕೂತಿರಬೇಕು, ಅಲ್ವಾ? ಅಲ್ಲೇ ವಿಷಯ ಇರುವುದು. ಟ್ಯಾಂಕ್ ಇಲ್ಲದ ಕಂಪ್ರೆಸರ್ ಬೇಗ ಬಿಸಿಯಾಗುತ್ತದೆ. ಹೊರಬರುವ ಗಾಳಿಯೂ ಬಿಸಿ. ಬಿಸಿ ಗಾಳಿಯಲ್ಲಿ ನೀರು ಇನ್ನೂ ಆವಿಯಾಗಿಯೇ ಇರುತ್ತದೆ, ಫಿಲ್ಟರನ್ನು ಹಾಗೇ ದಾಟಿ ಹೋಗುತ್ತದೆ. ಪೈಪಿನಲ್ಲಿ ತಣ್ಣಗಾದ ಮೇಲೆ ಹನಿಯಾಗುತ್ತದೆ. ಹಾಗಾಗಿ ಫಿಲ್ಟರ್ ಬ್ರಷ್ ಹತ್ತಿರ ಇರಬೇಕು. ಬ್ರಷ್ಷಿನ ಬುಡಕ್ಕೇ ಸೇರಿಸುವ ಸಣ್ಣ ಫಿಲ್ಟರ್ ಸಿಗುತ್ತದೆ. ಅದರ ಬಟ್ಟಲು ಕೆಳಮುಖ ಇರಲಿ, ಆಗಾಗ ನೀರು ಬಿಡಿ. ಕಂಪ್ರೆಸರ್‌ಗೆ ನಡುನಡುವೆ ಬಿಡುವು ಕೊಡಿ. ಕೆಲಸ ಮುಗಿದ ಮೇಲೆ ಪೈಪ್ ಬಿಚ್ಚಿ ನೇತುಹಾಕಿ.

ಇನ್ನೊಂದು ಮಾತು. ಕಂಪ್ರೆಸರ್ ಎಲ್ಲಿಟ್ಟಿದ್ದೀರಿ? ಹಸಿ ಮೂರ್ತಿ ಒಣಗಲು ಇಟ್ಟ ಕೋಣೆಯಲ್ಲಾದರೆ ದಯವಿಟ್ಟು ಬೇರೆ ಕಡೆ ಇಡಿ. ಹೊರಗೆ ಮಳೆ, ಒಳಗೆ ಅಷ್ಟೂ ಮಣ್ಣು ನೀರು ಬಿಡುತ್ತಿರುತ್ತದೆ. ಕಂಪ್ರೆಸರ್ ಎಳೆದುಕೊಳ್ಳುವುದು ಅದೇ ಗಾಳಿಯನ್ನು.

ಶಿರಸಿಯಿಂದ ಒಬ್ಬರು:
ಇಲ್ಲೇ ಕೇಳುತ್ತೇನೆ ಸರ್. ನನ್ನದರಲ್ಲಿ ಕಪ್ಪಿನೊಳಗೆ ಗುಳ್ಳೆ ಏಳುತ್ತದೆ, ಆಮೇಲೆ ಚುಕ್ಕೆ ಉಗುಳುತ್ತದೆ.

ಉತ್ತರ:
ಗಾಳಿ ವಾಪಸ್ ಕಪ್ಪಿಗೆ ಹೋಗುತ್ತಿದೆ. ತುದಿಯ ಕ್ಯಾಪ್‌ನಲ್ಲಿ ಒಣಗಿದ ಬಣ್ಣ ಕೂತಿರಬೇಕು, ಇಲ್ಲ ನಾಝಲ್ (ಬಣ್ಣ ಹೊರಬರುವ ಸಣ್ಣ ಮೂತಿ) ಸಡಿಲ ಇರಬೇಕು, ಇಲ್ಲ ಸೀಳಿರಬೇಕು. ಬಿಚ್ಚಿ ತೊಳೆದು ನೋಡಿ. ಕಟ್ಟುವಾಗ ಹಗುರವಾಗಿ ಬಿಗಿ ಮಾಡಿ. ಅದರ ಮರೆ (ತಿರುಪಿನ ಸುತ್ತು) ಕೂದಲಿನಷ್ಟು ಸಣ್ಣದು, ಬಲ ಹಾಕಿದರೆ ಮುರಿದೇ ಹೋಗುತ್ತದೆ. ಮರೆಗೆ ಒಂಚೂರು ಜೇನುಮೇಣ ಸವರಿದರೆ ಗಾಳಿ ಸೋರುವುದಿಲ್ಲ, ನಿಮ್ಮ ಕಡೆ ಅದಕ್ಕೇನೂ ಕೊರತೆ ಇಲ್ಲ. ತೂತಿನೊಳಗೆ ಮಾತ್ರ ಹೋಗಬಾರದು. ಚುಕ್ಕೆ ಯಾವಾಗಲೂ ಒಂದೇ ಪಕ್ಕಕ್ಕೆ ಬೀಳುತ್ತಿದ್ದರೆ ಸೂಜಿಯ ತುದಿ ಬಾಗಿದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು:
ಕಂಪ್ರೆಸರ್ ಜಗಲಿಗೆ ತಂದೆ. ಕನ್ನಡಿ ಮೇಲೆ ಹನಿ ಬಹಳ ಕಡಿಮೆಯಾಗಿದೆ, ಸಣ್ಣ ಫಿಲ್ಟರ್ ತರಿಸುತ್ತೇನೆ. ಸೊಂಡಿಲ ಮೇಲೆ ಆಗಲೇ ಬಿದ್ದ ಚುಕ್ಕೆಗಳಿಗೆ ಏನು ಮಾಡಲಿ? ಮತ್ತೆ ಕಿರೀಟಕ್ಕೆ ಇದರಲ್ಲೇ ಚಿನ್ನದ ಬಣ್ಣ ಹೊಡೆಯಬಹುದಾ?

ಉತ್ತರ:
ಚುಕ್ಕೆಯನ್ನು ಉಜ್ಜಬೇಡಿ, ಶೇಡ್ ಎದ್ದು ಬರುತ್ತದೆ. ಪೂರ್ತಿ ಒಣಗಲಿ. ಉಬ್ಬಿ ನಿಂತಿದ್ದರೆ ನಯವಾದ ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ತೀಡಿ. ಆಮೇಲೆ ಮೈಬಣ್ಣವನ್ನೇ ತೆಳುವಾಗಿ ಎರಡು ಮೂರು ಸಲ ಹೊಡೆದು ಚುಕ್ಕೆ ಮುಚ್ಚಿ, ಅದರ ಮೇಲೆ ಶೇಡ್ ಕೊಡಿ. ಮೊದಲ ಹೊಡೆತ ಯಾವತ್ತೂ ಪಕ್ಕದ ಪೇಪರ್ ಮೇಲೆ, ಮೂರ್ತಿ ಮೇಲೆ ಅಲ್ಲ.

ಚಿನ್ನದ ಬಣ್ಣದ ಕಣ ದಪ್ಪ, 0.3ರಲ್ಲಿ ಕಟ್ಟಿಕೊಳ್ಳುತ್ತದೆ. 0.5 ಇದ್ದರೆ ಸಲೀಸು. ಇಲ್ಲದಿದ್ದರೆ ಕಿರೀಟವನ್ನು ಅಪ್ಪನ ಕುಂಚಕ್ಕೇ ಬಿಡಿ. ನೀರಿನ ಬಣ್ಣವಾದರೂ ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ.